ಬೋರಲು ಹಾಕಿದರೂ ಬರಿದಾಗದ ಫಿಲ್ಟರ್

ಮುಂಗಾರಿನ ಹೆಸರು ಬಿತ್ತುವ ಮೊದಲೇ ಟ್ರ್ಯಾಕ್ಟರ್ ಸರ್ವಿಸ್ ಮುಗಿಸಿಕೊಳ್ಳುವುದು ಧಾರವಾಡ ಜಿಲ್ಲೆಯ ಮೊರಬದಂಥ ಎರಿಭೂಮಿಯ ಊರುಗಳ ರೂಢಿ. ಮಳೆ ಬಿದ್ದ ಮೇಲೆ ಹದ ಕಾಯುವುದಿಲ್ಲ, ಗಾಡಿ ಗ್ಯಾರೇಜಿನಲ್ಲಿ ನಿಂತರೆ ಬಿತ್ತನೆ ತಪ್ಪುತ್ತದೆ. ಆಯಿಲ್ ಬದಲಿಸುವಾಗ ಚೇಂಬರಿನಿಂದ ಇಳಿದ ಏಳೆಂಟು ಲೀಟರ್ ಕರಿ ಆಯಿಲ್ ಕ್ಯಾನಿಗೆ ಹೋಗುತ್ತದೆ. ಅದಕ್ಕೆ ಬೆಲೆ ಇದೆ, ಕೊಳ್ಳುವವರೂ ಇದ್ದಾರೆ. ಬಿಚ್ಚಿದ ಫಿಲ್ಟರಿಗೆ ಆ ಅದೃಷ್ಟವಿಲ್ಲ. ಒಂದೆರಡು ನಿಮಿಷ ಬೋರಲು ಹಾಕಿ, ಹನಿ ನಿಂತಿತೆಂದು ಬೇಲಿಯ ಬದಿಗೋ ತಿಪ್ಪೆಗೋ ಎಸೆಯುತ್ತಾರೆ. ಹನಿ ನಿಂತದ್ದು ನಿಜ, ಆದರೆ ಆಯಿಲ್ ಮುಗಿದಿಲ್ಲ. ಫಿಲ್ಟರಿನ ರಚನೆಯೇ ಆಯಿಲನ್ನು ಬಿಡದಂತೆ ಹಿಡಿದುಕೊಳ್ಳುವ ಹಾಗಿದೆ. ಅದನ್ನು ಬೋರಲು ಹಾಕಿದರೆ ಸಾಲದು, ತೂತು ಮಾಡಬೇಕು, ಅದೂ ಬಿಸಿ ಇರುವಾಗಲೇ ಮಾಡಬೇಕು ಎಂಬುದು ಈ ಲೇಖನದ ವಾದ.

1950ರ ದಶಕದಲ್ಲಿ ಬಳಕೆಗೆ ಬಂದ, ತಿರುಗಿಸಿ ಕೂಡಿಸುವ ಡಬ್ಬಿ ಮಾದರಿಯ ಫಿಲ್ಟರನ್ನೇ ನೋಡಿ. ಅದರ ತಳದ ತಟ್ಟೆಯಲ್ಲಿ ಸುತ್ತಲೂ ಸಣ್ಣ ತೂತುಗಳು, ನಡುವೆ ತಿರುಪು ಇರುವ ದೊಡ್ಡ ತೂತು. ಆಯಿಲ್ ಸುತ್ತಲಿನ ತೂತುಗಳಿಂದ ಒಳಹೊಕ್ಕು, ಮಡಿಕೆ ಮಡಿಕೆಯಾದ ಕಾಗದವನ್ನು ದಾಟಿ, ನಡುವಿನ ಕೊಳವೆಯಿಂದ ಎಂಜಿನ್ನಿಗೆ ಮರಳುತ್ತದೆ. ಸುತ್ತಲಿನ ತೂತುಗಳನ್ನು ಒಳಗಿನಿಂದ ಒಂದು ರಬ್ಬರ್ ವಾಲ್ವ್ ಮುಚ್ಚಿಕೊಂಡಿರುತ್ತದೆ. ಎಂಜಿನ್ ಬಂದ್ ಮಾಡಿದಾಗ ಫಿಲ್ಟರಿನ ಆಯಿಲ್ ಕೆಳಗಿಳಿದು ಹೋದರೆ ಮರುದಿನ ಸ್ಟಾರ್ಟ್ ಮಾಡಿದ ಕೆಲ ಕ್ಷಣ ಬೇರಿಂಗುಗಳು ಒಣಗಿಯೇ ತಿರುಗಬೇಕಾಗುತ್ತದೆ. ಅದನ್ನು ತಡೆಯಲೆಂದೇ ಈ ವಾಲ್ವ್. ಬಿಚ್ಚಿ ಬೋರಲು ಹಾಕಿದಾಗಲೂ ಅದು ಅದೇ ಕೆಲಸ ಮಾಡುತ್ತದೆ. ನಡುವಿನ ಕೊಳವೆಯ ಆಯಿಲ್ ಸುರಿದುಹೋಗುತ್ತದೆ. ಕಾಗದದ ಹೊರಬದಿಯಲ್ಲಿರುವ, ಮಸಿ ಮತ್ತು ಲೋಹದ ಪುಡಿ ತುಂಬಿದ ಆಯಿಲ್ ಮಾತ್ರ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ಗಾಳಿ ಒಳಬರಲು ದಾರಿಯಿಲ್ಲ. ಕಿರುಬಾಯಿಯ ಬಾಟಲಿಯನ್ನು ತಲೆಕೆಳಗು ಮಾಡಿದರೆ ನೀರು ತಡೆತಡೆದು ನಿಲ್ಲುವ ಹಾಗೆ ಇಲ್ಲಿಯೂ ಹರಿವು ನಿಲ್ಲುತ್ತದೆ. ಡಬ್ಬಿಯ ಗುಮ್ಮಟದಂಥ ತುದಿಗೆ ಒಂದು ತೂತು ಹೊಡೆದರೆ ಗಾಳಿ ಒಳಹೋಗುತ್ತದೆ, ಆಯಿಲ್ ಇಳಿಯುತ್ತದೆ.

ಬಿಸಿಯ ಮಾತು ಇನ್ನೂ ಮುಖ್ಯ. ನಮ್ಮ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾದ 15ಡಬ್ಲ್ಯೂ-40 ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಎಂಟು ಪಟ್ಟು ಮಂದ. ಗೋಡೆಗೆ ಅಂಟಿದ ದ್ರವ ಇಳಿಯುವುದಕ್ಕೆ ಭೌತಶಾಸ್ತ್ರದಲ್ಲಿ ಒಂದು ಲೆಕ್ಕವಿದೆ: ಪದರದ ದಪ್ಪ ಅರ್ಧಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ಎಂಟು ಪಟ್ಟು ತೆಳುವಾದ ಆಯಿಲಿಗೆ ಎಂಟರಲ್ಲಿ ಒಂದು ಪಾಲು ಹೊತ್ತು ಸಾಕು. ಹಾಗಾಗಿ ಬಿಚ್ಚಿದ ಮೊದಲ ಕೆಲವು ನಿಮಿಷಗಳೇ ಅಮೂಲ್ಯ. ತಗಡು ತಣ್ಣಗಾದ ಮೇಲೆ ಉಳಿದದ್ದು ಹನಿಹನಿಯಾಗಿ ಗಂಟೆಗಟ್ಟಲೆ ಇಳಿಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ ಫಿಲ್ಟರುಗಳ ಬಗ್ಗೆ ನಿಯಮ ಮಾಡಿದಾಗ ಈ ತರ್ಕವನ್ನೇ ಹಿಡಿಯಿತು. ತೂತು ಮಾಡಿ ಬಿಸಿಯಾಗಿ ಬಸಿದ, ಅಥವಾ ಬಿಸಿಯಾಗಿ ಬಸಿದು ಜಜ್ಜಿದ ಸಾಧಾರಣ ಫಿಲ್ಟರನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಯಿಂದ ಬಿಟ್ಟಿತು, ಕನಿಷ್ಠ 12 ಗಂಟೆ ಬಸಿಯಿರಿ ಎಂದು ಸಲಹೆ ಕೊಟ್ಟಿತು.

ಇಷ್ಟಾದರೂ ಕಾಗದ ಒಣಗುವುದಿಲ್ಲ. ಅದರ ರಂಧ್ರಗಳ ಅಗಲ 30 ಮೈಕ್ರಾನ್ ಎಂದಿಟ್ಟುಕೊಂಡರೆ, ಅಂಥ ರಂಧ್ರದ ಎಳೆತ ಸುಮಾರು ಅರ್ಧ ಮೀಟರ್ ಎತ್ತರದ ಆಯಿಲ್ ಕಂಬವನ್ನು ಹಿಡಿದು ನಿಲ್ಲಿಸಬಲ್ಲದು. ಫಿಲ್ಟರಿನ ಎತ್ತರ ಗೇಣುದ್ದವೂ ಇರುವುದಿಲ್ಲ. ಒಂದು ವಾರ ತೂಗುಹಾಕಿದರೂ ರಂಧ್ರದೊಳಗಿನ ಆಯಿಲ್ ಭೂಮಿಯ ಸೆಳೆತಕ್ಕೆ ಮಣಿಯುವುದಿಲ್ಲ. ಅದನ್ನು ಹೊರತೆಗೆಯಲು ಹಿಂಡಬೇಕು. ಅದು ಪ್ರೆಸ್ ಇರುವ ವರ್ಕ್‌ಶಾಪಿನ ಕೆಲಸ. ಸುತ್ತಿಗೆಯಿಂದ ಜಜ್ಜಿದರೆ ಮೈಮೇಲೆ ಸಿಡಿಯುತ್ತದೆ. ಆದ್ದರಿಂದ ಬಸಿದ ಫಿಲ್ಟರೂ ಕಸವಲ್ಲ, ಒಲೆಗೆ ಹಾಕುವ ಸೌದೆಯಂತೂ ಅಲ್ಲ. ಅದು ಉಕ್ಕಿನ ಗುಜರಿ.

ಒಂದು ಫಿಲ್ಟರಿನ ಆಯಿಲಿಗೆ ಇಷ್ಟೆಲ್ಲ ಯಾಕೆ, ನಮ್ಮ ಎರಿಮಣ್ಣು ಬಿಗಿ, ಏನನ್ನೂ ಕೆಳಗೆ ಬಿಡುವುದಿಲ್ಲ ಎಂದು ಯಾರಾದರೂ ಕೇಳಬಹುದು. ಹಸಿ ಮಣ್ಣಿಗೆ ಈ ಮಾತು ಒಪ್ಪುತ್ತದೆ. ಆದರೆ ಸರ್ವಿಸ್ ನಡೆಯುವುದು ಬೇಸಿಗೆಯಲ್ಲಿ. ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗುವ ಜೇಡಿಯ ಈ ನೆಲ ಆಗ ಬಾಯಿ ಬಿಟ್ಟಿರುತ್ತದೆ. ಬಿರುಕು ಕೆಲವೆಡೆ ಮೀಟರಿಗಿಂತ ಆಳ. ಮೇಲೆ ಚೆಲ್ಲಿದ ಆಯಿಲ್ ನೇರ ಒಳಗಿಳಿಯುತ್ತದೆ. ಮಳೆ ಬಂದು ಬಿರುಕು ಮುಚ್ಚಿಕೊಂಡಾಗ ಅದು ಒಳಗೇ ಉಳಿಯುತ್ತದೆ. ಆಯಿಲನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ಹಸಿ ಜೇಡಿಯ ಆಳದಲ್ಲಿ ಅದರ ಕೊರತೆ. ಮೇಲೆ ಉಳಿದದ್ದು ಮೊದಲ ಮಳೆಯಲ್ಲೇ ಹಳ್ಳ ಹಿಡಿಯುತ್ತದೆ, ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ದಾರಿಯಲ್ಲಿ ಮಲಪ್ರಭೆಗೆ. ಅಂತರ್ಜಲ ಬಹಳ ಕಡೆ ಸವಳಾಗಿರುವ ನವಲಗುಂದ ಸೀಮೆಯ ಹಳ್ಳಿಗಳು ಕುಡಿಯುವ ನೀರಿಗೆ ಕೆರೆಯನ್ನೇ ನಂಬಿಕೊಂಡು ಬಂದಿವೆ. ಮೇಲ್ಮೈಯ ನೀರೇ ಜೀವವಾದ ಕಡೆ ಒಂದು ಫಿಲ್ಟರಿನಲ್ಲಿ ಉಳಿಯಬಹುದಾದ ಕಾಲು ಲೀಟರ್ ಆಯಿಲೂ ಸಣ್ಣದಲ್ಲ. ನೂರು ಟ್ರ್ಯಾಕ್ಟರಿನ ಊರಿನಲ್ಲಿ ವರ್ಷಕ್ಕೆ ಎರಡು ಸಲ ಫಿಲ್ಟರ್ ಬದಲಿಸಿ, ಒಂದೊಂದರಲ್ಲಿ ಅಷ್ಟೇ ಉಳಿದರೂ 50 ಲೀಟರ್ ಆಯಿತು.

ಸುಟ್ಟ ಆಯಿಲನ್ನು ಗೆದ್ದಲಿಗೆಂದು ಕಂಬಕ್ಕೆ ಬಳಿಯುತ್ತೇವೆ, ಅದರಿಂದ ಏನಾಯಿತು ಎಂಬ ಮಾತೂ ಇದೆ. ಗೆದ್ದಲನ್ನು ಓಡಿಸುವ ಗುಣವೇ ಅದರ ವಿಷಕ್ಕೆ ಸಾಕ್ಷಿ. ಎಂಜಿನ್ನಿನಲ್ಲಿ ಬೆಂದ ಆಯಿಲಿನಲ್ಲಿ ಕ್ಯಾನ್ಸರ್ ತರಬಲ್ಲ ಹೈಡ್ರೋಕಾರ್ಬನ್ನುಗಳು ಕೂಡಿರುತ್ತವೆ, ಸತುವಿನ ಸಂಯುಕ್ತಗಳೂ ಸವೆದ ಲೋಹವೂ ಇರುತ್ತವೆ. ದಿನವೂ ಬರಿಗೈಯಲ್ಲಿ ಅದನ್ನು ಮುಟ್ಟುವ ಗ್ಯಾರೇಜಿನ ಹುಡುಗರ ಕೈಗವಸಿನ ಬಗ್ಗೆ ಯಾರೂ ಯೋಚಿಸದಿರುವುದು ನನಗೆ ಅತ್ಯಂತ ನೋವಿನ ಸಂಗತಿ.

ಹೊತ್ತಿಲ್ಲ ಎನ್ನುವ ಆಕ್ಷೇಪಕ್ಕೆ ಉತ್ತರ ಸುಲಭ: ಹೊತ್ತು ಬೇಕಾದದ್ದು ಫಿಲ್ಟರಿಗೆ, ಮೆಕ್ಯಾನಿಕ್ಕಿಗಲ್ಲ. ಡ್ರಮ್ಮಿನ ಮೇಲೆ ಒಂದು ಕಬ್ಬಿಣದ ಜಾಳಿಗೆ ಇಟ್ಟು ರಾತ್ರಿಯಿಡೀ ಬಿಟ್ಟರೆ ಆಯಿತು. ಸುಟ್ಟುಕೊಳ್ಳುವ ಭಯ ಮಾತ್ರ ನ್ಯಾಯವಾದದ್ದು. ಎಂಜಿನ್ ಬಂದ್ ಮಾಡಿ ಹತ್ತು ಹದಿನೈದು ನಿಮಿಷ ಬಿಟ್ಟು, ಕೈಗವಸು ಹಾಕಿ, ಕೈ ತಡೆಯುವಷ್ಟು ಬಿಸಿಯಲ್ಲಿ ಬಿಚ್ಚಬೇಕು. ಗುಮ್ಮಟ ಕೆಳಗಾಗಿ ತೂಗುವ ಫಿಲ್ಟರಾದರೆ, ಹೊಸದನ್ನು ಕೈಯಲ್ಲಿಟ್ಟುಕೊಂಡು, ಬಿಚ್ಚುವ ಮೊದಲೇ ಕೆಳಗೆ ಪಾತ್ರೆ ಹಿಡಿದು ತೂತು ಮಾಡಿ, ಆಮೇಲೆ ತುಸು ಸಡಿಲಿಸಿದರೆ ಗಾಳಿ ಹೊಕ್ಕು ಆಯಿಲ್ ಚೆಲ್ಲದೆ ಇಳಿಯುತ್ತದೆ. ತೂತಾದ ಫಿಲ್ಟರಿನಲ್ಲಿ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಲೇಬಾರದು.

ಬಳಸಿದ ಆಯಿಲ್ 2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಅದನ್ನು ಮರಳಿ ಸಂಸ್ಕರಿಸುವ ಹೊಣೆ ಆಯಿಲ್ ತಯಾರಕರ ಮೇಲೂ ಬಿದ್ದಿದೆ. ಆದರೆ ಹಳ್ಳಿಯಲ್ಲಿ ಕೂಡಿಸುವ ಜಾಗವೇ ಇಲ್ಲದಿದ್ದರೆ ಆ ಹೊಣೆ ಹೆದ್ದಾರಿಯ ವರ್ಕ್‌ಶಾಪುಗಳಲ್ಲೇ ನಿಲ್ಲುತ್ತದೆ. ಗ್ರಾಮ ಪಂಚಾಯಿತಿಗಳು ಒಂದು ಮುಚ್ಚಳದ ಡ್ರಮ್ಮು, ಒಂದು ಜಾಳಿಗೆ ಮತ್ತು ಬಸಿದ ಫಿಲ್ಟರುಗಳಿಗೆ ಒಂದು ಪೀಪಾಯಿ ಇಡಲಿ. ತುಂಬಿದಾಗ ಅವನ್ನು ಅಧಿಕೃತ ಸಂಸ್ಕರಣೆದಾರರಿಗೆ ತಲುಪಿಸುವ ದಾರಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಧಾರವಾಡ ಕಚೇರಿ ತೋರಿಸಲಿ. ಈ ಏರ್ಪಾಡು ಮುಂದಿನ ಬಿತ್ತನೆಯೊಳಗೆ ಆಗಬೇಕು.