ಕರೆಗಂಟೆಯ ಕೀಟಲೆಗೂ ಕಾನೂನುಂಟು

ಬೇಸಿಗೆಯ ಮಟಮಟ ಮಧ್ಯಾಹ್ನ. ಕಲಬುರಗಿಯ ಬಡಾವಣೆಯೊಂದರಲ್ಲಿ ಕರೆಗಂಟೆ ಬಾರಿಸುತ್ತದೆ. ಮಂಡಿನೋವಿನ ಅಜ್ಜಿ ಗೋಡೆ ಹಿಡಿದು ಬಂದು ಬಾಗಿಲು ತೆರೆದರೆ ಯಾರೂ ಇಲ್ಲ; ಓಡುವ ಹುಡುಗರ ನಗು ಮಾತ್ರ. ಕಮಲಾಪುರದಲ್ಲಿ ಚಿಲಕ ಬಡಿದು ಓಡಿದರೂ ಆಟ ಅದೇ.

ಗಂಟೆ ಒತ್ತುವುದೇ ಅಪರಾಧವಲ್ಲ. ಆದರೆ ಕಿರುಕುಳ ಕೊಡುವ ಉದ್ದೇಶದಿಂದ ಪರರ ಆವರಣ ಹೊಕ್ಕರೆ ಅದು ಅತಿಕ್ರಮ ಪ್ರವೇಶ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಂತೆ ಇದಕ್ಕೆ 3 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 7 ವರ್ಷದೊಳಗಿನ ಮಗುವಿನ ಕೃತ್ಯ ಅಪರಾಧವೆನಿಸದು. 18 ತುಂಬದವರ ವಿಚಾರಣೆ ಬಾಲ ನ್ಯಾಯ ಮಂಡಳಿಯದು. ಸಿಟ್ಟಿನಲ್ಲಿ ಹುಡುಗರನ್ನು ಹಿಡಿದು ಬಡಿದರೆ ಮನೆಯವರೇ ಅಪರಾಧಿಗಳಾದಾರು.

ಅವಸರದಲ್ಲಿ ಅಜ್ಜಿ ಬಿದ್ದರೆ ಯಾವ ದಂಡವೂ ಮುರಿದ ಮೂಳೆ ಕೂಡಿಸದು. ಪಾಲಕರು ಮಕ್ಕಳಿಗೆ ಮೊದಲು ಹೇಳಬೇಕಾದ ಕಾನೂನು ಇದು.