ಎಷ್ಟು ಟಿಕೆಟ್ ಹೋದರೆ ಅಸಲು?

ಪ್ರಶ್ನೆ: ಶಾಲಾ ಕಟ್ಟಡದ ಸಹಾಯಾರ್ಥ ಯಕ್ಷಗಾನ ಆಡಿಸುತ್ತಿದ್ದೇವೆ. ಎಷ್ಟು ಟಿಕೆಟ್ ಮಾರಿದರೆ ಅಸಲು ಹುಟ್ಟುತ್ತದೆ?

ಉತ್ತರ: ಜನ ಬಂದರೂ ಬಾರದಿದ್ದರೂ ತೆರಲೇಬೇಕಾದ ಖರ್ಚನ್ನು, ಅಂದರೆ ಮೇಳದ ವೀಳ್ಯ, ಧ್ವನಿವರ್ಧಕ, ಕರಪತ್ರಗಳದ್ದನ್ನು, ಮೊದಲು ಬೇರೆ ಬರೆದಿಡಿ. ಅದು 90,000 ರೂಪಾಯಿ ಎಂದಿಟ್ಟುಕೊಳ್ಳೋಣ. ಟಿಕೆಟ್ಟಿಗೆ 200, ತಲಾ ಚಹಾ-ತಿಂಡಿಗೆ 50 ಕಳೆದರೆ ಕೈಗುಳಿಯುವುದು 150. ಹಾಗಾಗಿ ಅಸಲಿಗೆ 600 ಟಿಕೆಟ್ ಬೇಕು. 200ರಿಂದ ಭಾಗಿಸಿ 450 ಸಾಕೆಂದುಕೊಂಡರೆ ತಿಂಡಿಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಗೌರವ ಪಾಸಿನವರಿಗೂ ಆ 50 ತಗಲುತ್ತದೆ. ಕೊರತೆಯನ್ನು ದಾನಿಗಳ ಹಣ ತುಂಬುತ್ತದಲ್ಲ ಎನ್ನಬಹುದು. ಆಟದ ಖರ್ಚಿಗೆಂದೇ ಕೊಟ್ಟದ್ದಾದರೆ ಸರಿ, 90,000ದಿಂದ ಕಳೆಯಿರಿ. ಶಾಲೆಗೆಂದು ಕೊಟ್ಟದ್ದನ್ನು ಮುಟ್ಟುವುದು ಅನ್ಯಾಯ. ಅಲ್ಲದೆ 600ರಲ್ಲಿ ಶಾಲೆಗೆ ಸಿಗುವುದು ಸೊನ್ನೆ. ಶಾಲೆಗೆ 60,000 ಬೇಕಿದ್ದರೆ 1,000 ಟಿಕೆಟ್ ಹೋಗಬೇಕು. ಅಷ್ಟು ಕುರ್ಚಿ ಹಿಡಿಯದ ಮೈದಾನವಾದರೆ ದರವನ್ನೋ ಖರ್ಚನ್ನೋ ಮುಂಗಡ ಕೊಡುವ ಮೊದಲೇ ಬದಲಿಸಿ.