ಹಳೆಯ ವಾಲ್ವಿನ ಹೊಸ ದನಿ

ವಾದ್ಯವೆಂದೊಡನೆ ನಮಗೆ ತಂತಿ, ಕಟ್ಟಿಗೆ, ಚರ್ಮ, ಬಿದಿರುಗಳ ನೆನಪಾಗುತ್ತದೆ. ವಿದ್ಯುತ್ ಗಿಟಾರಿನ ಮಟ್ಟಿಗೆ ಈ ಪಟ್ಟಿ ಅಪೂರ್ಣ. ಅದರ ತಂತಿಯನ್ನು ಬರಿದೆ ಮೀಟಿದರೆ ನಾಲ್ಕು ಮಾರು ದೂರ ಕುಳಿತವನಿಗೂ ಸರಿಯಾಗಿ ಕೇಳಿಸದು. ತಂತಿಯ ಕೆಳಗಿರುವ ಅಯಸ್ಕಾಂತದ ಸುರುಳಿಯಲ್ಲಿ ಹುಟ್ಟಿದ ಅತ್ಯಲ್ಪ ವಿದ್ಯುತ್ತು ಧ್ವನಿವರ್ಧಕವನ್ನು ಹೊಕ್ಕು ಹೊರಬಂದಾಗಲೇ ಅದು ನಾದವೆನಿಸುತ್ತದೆ. ವೀಣೆಗೆ ಕೊಡ ಹೇಗೋ ಈ ಗಿಟಾರಿಗೆ ಧ್ವನಿವರ್ಧಕ ಹಾಗೆ. ಆದುದರಿಂದ ಹಳೆಯ ವಾಲ್ವ್ ಧ್ವನಿವರ್ಧಕದ ದನಿಯನ್ನು ತಿದ್ದುವ ಕೆಲಸ ವಾದ್ಯ ಮಾಡುವವನ ಕೆಲಸಕ್ಕೆ ಹತ್ತಿರವಾದದ್ದು. ಆ ಕೆಲಸವನ್ನು ಬಹುಕಾಲದಿಂದ ಮಾಡುತ್ತಿರುವವನಾಗಿ ನಾಲ್ಕು ಮಾತು ಹೇಳುತ್ತೇನೆ.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಕೆಂಪಗೆ ಕಾಯುವ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು, ನೂರಾರು ವೋಲ್ಟ್‌ಗಳ ಒತ್ತಡದಲ್ಲಿರುವ ಆನೋಡ್ ತಗಡಿನತ್ತ ಧಾವಿಸುತ್ತವೆ. ನಡುವೆ ಒಂದು ತಂತಿಯ ಜಾಲರಿ. ಗಿಟಾರಿನ ಕ್ಷೀಣ ವಿದ್ಯುತ್ತು ಈ ಜಾಲರಿಯನ್ನು ತಲುಪಿದಾಗ, ಕಾಲುವೆಯ ತೂಬನ್ನು ಎತ್ತಿ ಇಳಿಸಿದಂತೆ ಆ ಪ್ರವಾಹ ಹಿಗ್ಗಿ ಕುಗ್ಗುತ್ತದೆ. ಕೈಯ ಸಣ್ಣ ಚಲನೆಗೆ ದೊಡ್ಡ ನೀರು ಕುಣಿಯುತ್ತದೆ. ಆದರೆ ತೂಬು ಪೂರ್ತಿ ತೆರೆದ ಮೇಲೆ ಎಷ್ಟು ಎತ್ತಿದರೂ ನೀರು ಹೆಚ್ಚದು. ವಾಲ್ವ್ ತನ್ನ ಈ ಮಿತಿಯನ್ನು ಮುಟ್ಟುವುದು ಮೆಲ್ಲಗೆ. ಅಲೆಯ ತುದಿ ಥಟ್ಟನೆ ಕತ್ತರಿಸಿಹೋಗದೆ ದುಂಡಗಾಗುತ್ತದೆ. ಆಗ ಮೂಲ ಸ್ವರದೊಡನೆ ಬೇರೆ ಸ್ವರಗಳು ಕೂಡಿಕೊಳ್ಳುತ್ತವೆ: ಎರಡರಷ್ಟು ಕಂಪನದ ತಾರ ಷಡ್ಜ, ಮೂರರಷ್ಟು ಕಂಪನದ ಪಂಚಮ, ಇನ್ನೂ ಮೇಲಿನವು.

ಭಾಷಣಕಾರನಿಗೂ ಗಾಯಕನಿಗೂ ಇದು ದೋಷ. ಅವರಿಗೆ ಬೇಕಾದದ್ದು ತಮ್ಮ ದನಿಯೇ ಹೊರತು ಯಂತ್ರದ್ದಲ್ಲ. ಗಿಟಾರ್ ವಾದಕನಿಗೆ ಮಾತ್ರ ಇದೇ ಸೊಗಸು. ನಮಗೆ ಇದು ತೀರ ಹೊಸದೇನಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ನೂಲಿನ ಎಳೆಯೊಂದನ್ನು ಸರಿಸಿ ಜವಾರಿ ಹೊಂದಿಸುವುದನ್ನು ನೀವು ಕಂಡಿರಬಹುದು. ಎಳೆ ಸರಿಯಾದ ಜಾಗಕ್ಕೆ ಬಂದೊಡನೆ ಬಡಕಲು ತಂತಿ ಝೇಂಕರಿಸತೊಡಗುತ್ತದೆ. ತಂತಿ ಕುದುರೆಗೆ ತಗಲುವುದು ಲೆಕ್ಕಕ್ಕೆ ದೋಷವೇ. ಕಿವಿಗೆ ಅದೇ ಜೀವ.

ಈ ಜೀವವನ್ನು ಅರಸಿ ಧ್ವನಿವರ್ಧಕಗಳನ್ನು ತಿದ್ದಿದವರ ಕತೆ ಸ್ವಾರಸ್ಯವಾಗಿದೆ. 1962ರಲ್ಲಿ ಲಂಡನ್ನಿನ ಸಂಗೀತೋಪಕರಣಗಳ ವ್ಯಾಪಾರಿ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು ಅಮೆರಿಕದ ಫೆಂಡರ್ ಕಂಪನಿಯ ಬೇಸ್‌ಮನ್ ಎಂಬ ಯಂತ್ರವನ್ನು ಮಾದರಿಯಾಗಿಟ್ಟುಕೊಂಡು ತಮ್ಮದೊಂದನ್ನು ಕಟ್ಟಿದರು. ನಕ್ಷೆ ಹೆಚ್ಚುಕಡಿಮೆ ಅದೇ. ಆದರೆ ಸುಮಾರು 45 ಪಟ್ಟು ವರ್ಧಿಸುವ ಮೊದಲ ವಾಲ್ವಿನ ಸ್ಥಳದಲ್ಲಿ 100 ಪಟ್ಟು ವರ್ಧಿಸುವ ಇಸಿಸಿ 83 ಬಂದಿತು. ಕೊನೆಯ ವಾಲ್ವುಗಳೂ ಸ್ಪೀಕರುಗಳೂ ಬದಲಾದವು. ಇಷ್ಟರಿಂದಲೇ ಹುಟ್ಟಿದ್ದು ಇನ್ನೊಂದೇ ದನಿ. ರಾಕ್ ಸಂಗೀತದ ಒಂದು ಯುಗ ಆ ದನಿಯಲ್ಲಿ ಮಾತನಾಡಿತು.

ನಮ್ಮ ನಾಡಿಗೂ ಈ ಕತೆಗೂ ನಂಟಿದೆ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಮುಂದೆ ತಯಾರಿಸಿದ ವಾಲ್ವುಗಳಲ್ಲಿ ಇಎಲ್ 84 ಎಂಬುದು ಒಂದು. ಬೆರಳುದ್ದದ ಈ ವಾಲ್ವ್ ಅನೇಕ ಮನೆಗಳ ರೇಡಿಯೋದಲ್ಲಿ ಕುಳಿತು, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಹಾಡುಗಳನ್ನು ನಮಗೆ ಕೇಳಿಸಿತು. ಬೀಟಲ್ಸ್ ತಂಡದವರು ಬಳಸಿದ ಇಂಗ್ಲೆಂಡಿನ ವಾಕ್ಸ್ ಎಸಿ 30 ಯಂತ್ರದಲ್ಲಿ ದುಡಿದದ್ದೂ ಇದೇ ಜಾತಿಯ ನಾಲ್ಕು ವಾಲ್ವುಗಳು. ಮನೆಯ ಮೂಲೆಯಲ್ಲಿ ವಚನ ಹಾಡಿದ್ದೂ ಅದೇ, ಸಮುದ್ರದಾಚೆ ತರುಣರನ್ನು ಕುಣಿಸಿದ್ದೂ ಅದೇ.

ಜನಪದ ಹಾಡುಗಳನ್ನು ಸಂಗ್ರಹಿಸಿದ ಸಿಂಪಿ ಲಿಂಗಣ್ಣನವರ ಊರು ಚಡಚಣ. ಆ ಊರಿನ ವಾದ್ಯಮೇಳದ ತರುಣನೊಬ್ಬ ಕೆಲವು ವರ್ಷಗಳ ಹಿಂದೆ, ಜೋಡಿ ಇಎಲ್ 84ರ ಹಳೆಯ ಧ್ವನಿವರ್ಧಕವೊಂದನ್ನು ನನ್ನಲ್ಲಿಗೆ ಹೊತ್ತು ತಂದ. ಅವನ ಅಜ್ಜ ಜಾತ್ರೆ, ಬಯಲಾಟಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಯಂತ್ರವದು. ಶ್ರಾವಣದ ಭಜನೆಗೆ ಮನೆಯವರು ಅದನ್ನೇ ಹಚ್ಚುತ್ತಿದ್ದರು. “ಕಾಕಾ, ಇದರಾಗ ನನ್ನ ಗಿಟಾರ್ ನುಡೀಬೇಕ್ರಿ. ಆದ್ರ ಅಜ್ಜನ ಭಜನಿ ದನಿ ಕೆಡಬಾರದ್ರಿ” ಎಂದ. ಇಡೀ ಸಮಸ್ಯೆ ಈ ಎರಡು ಮಾತುಗಳಲ್ಲಿದೆ. ಒಂದು ಯಂತ್ರ ನಿಷ್ಠೆಯಿಂದಲೂ ನುಡಿಯಬೇಕು, ಬಣ್ಣಗಟ್ಟಿಯೂ ನುಡಿಯಬೇಕು.

ಮೊದಲ ಕೆಲಸ ಪ್ರಾಣರಕ್ಷಣೆಯದು. ಇಂಥ ಯಂತ್ರದ ಒಳಗಿನ ಕಂಡೆನ್ಸರುಗಳಲ್ಲಿ, ಸ್ವಿಚ್ ಆರಿಸಿದ ಮೇಲೂ 300 ವೋಲ್ಟ್ ಉಳಿದಿರಬಹುದು. ಅದನ್ನು ರೆಸಿಸ್ಟರಿನ ಮೂಲಕ ಬರಿದುಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಹೊರತು ಬೆರಳಿಡಕೂಡದು. ಈ ಕೆಲಸ ಕಲಿಯದವರು ಪೆಟ್ಟಿಗೆ ಬಿಚ್ಚಲೇಬಾರದು. ಎರಡು ಕಡ್ಡಿಯ ಹಳೆಯ ಪ್ಲಗ್ಗನ್ನು ತೆಗೆದು ಮೂರು ಕಡ್ಡಿಯದನ್ನು ಹಾಕಿ, ಲೋಹದ ಪೆಟ್ಟಿಗೆಗೆ ಭೂಸಂಪರ್ಕ ಕೊಟ್ಟೆ. ಗಿಟಾರಿನ ತಂತಿಗೂ ಈ ಪೆಟ್ಟಿಗೆಗೂ ನೇರ ಸಂಬಂಧವಿರುವುದರಿಂದ ಇದು ವಾದಕನ ಜೀವದ ಮಾತು.

ಎರಡನೆಯದು ಜೀರ್ಣೋದ್ಧಾರ. ವಿದ್ಯುತ್ ಶುದ್ಧಿ ಮಾಡುವ ಕಂಡೆನ್ಸರುಗಳು ಕಾಲಾಂತರದಲ್ಲಿ ಒಣಗಿ, ಸೆಕೆಂಡಿಗೆ 100 ಕಂಪನಗಳ ಗುಂಯ್‌ಗುಡುವ ಸದ್ದು ಹುಟ್ಟುತ್ತದೆ. ವಾಲ್ವಿನಿಂದ ವಾಲ್ವಿಗೆ ದನಿ ದಾಟಿಸುವ ಕಂಡೆನ್ಸರ್ ಸೋರಿದರೆ ಮುಂದಿನ ವಾಲ್ವಿನ ತಗಡು ಕೆಂಪಾಗಿ ಕಾಯ್ದು ಸುಡುತ್ತದೆ. ಇವನ್ನೆಲ್ಲ ಬದಲಿಸಿ ಗಿಟಾರನ್ನು ಜೋಡಿಸಿದಾಗ, ತರುಣ ಬಯಸಿದ್ದ ದನಿ ಅರ್ಧದಷ್ಟು ಆಗಲೇ ಬಂದಿತ್ತು. ಸುಧಾರಣೆಯೆಂದು ಜನ ಕೇಳುವುದರಲ್ಲಿ ಬಹುಪಾಲು, ಯಂತ್ರ ತನ್ನ ಮೊದಲಿನ ಸ್ಥಿತಿಗೆ ಬರುವುದೇ ಆಗಿರುತ್ತದೆ.

ಮಾರ್ಪಾಟಿನ ಸರದಿ ಆಮೇಲಿನದು. ಭಜನೆಯ ಮೈಕಿನ ದಾರಿಯನ್ನು ಹಾಗೆಯೇ ಬಿಟ್ಟು, ಗಿಟಾರಿಗೆ ಇಸಿಸಿ 83ರಿಂದ ಬೇರೆ ದಾರಿ ಮಾಡಿದೆ. ಅದರ ಪ್ರವೇಶದಲ್ಲಿ 10 ಲಕ್ಷ ಓಮ್ ರೋಧ. ಇಲ್ಲವಾದರೆ ಗಿಟಾರಿನ ಸುರುಳಿಗೆ ಭಾರ ಬಿದ್ದು ತೀಕ್ಷ್ಣ ಸ್ವರಗಳು ಸಾಯುತ್ತವೆ. ಕ್ಯಾಥೋಡಿಗೆ 2,700 ಓಮ್ ರೋಧವನ್ನೂ ಅದಕ್ಕೆ ಜೊತೆಯಾಗಿ 0.68 ಮೈಕ್ರೋಫ್ಯಾರಡ್ ಕಂಡೆನ್ಸರನ್ನೂ ಇಟ್ಟೆ. ಇದರಿಂದ ಮಂದ್ರ ಸ್ವರಗಳ ವರ್ಧನೆ ಇಳಿಯುತ್ತದೆ. ಗಿಟಾರಿನ ಅತಿ ಮಂದ್ರದ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82. ಆ ಸುತ್ತಿನ ಸ್ವರಗಳನ್ನು ತುಸು ತಗ್ಗಿಸದಿದ್ದರೆ ಜೋರಾಗಿ ನುಡಿಸಿದಾಗ ಎಲ್ಲವೂ ಕಲಸಿದ ಹಿಟ್ಟಿನಂತಾಗುತ್ತದೆ. ಭಾಷಣಕ್ಕೆಂದು ಕಟ್ಟಿದ ಯಂತ್ರ ತನ್ನ ದನಿಯ ಒಂದಂಶವನ್ನು ಹಿಂದಕ್ಕೆ ತಂದು ತನ್ನನ್ನೇ ತಿದ್ದಿಕೊಳ್ಳುತ್ತಿರುತ್ತದೆ. ಆ ತಿದ್ದುಪಡಿಯನ್ನು ಗಿಟಾರಿನ ವೇಳೆ ಕಡಿಮೆ ಮಾಡಲು ಒಂದು ಸ್ವಿಚ್ ಇಟ್ಟೆ. ತಗಡಿನ ಹಾರ್ನ್ ಭಜನೆಗೇ ಉಳಿಯಿತು. ಗಿಟಾರಿಗೆ ಕಾಗದದ ಬಾಯಿಯ 12 ಅಂಗುಲದ ಸ್ಪೀಕರು ಬಂದಿತು. ಒಳಗಿನ ಎಲ್ಲ ಬದಲಾವಣೆಗಳಿಗಿಂತ ಹೆಚ್ಚು ಕಿವಿಗೆ ಬಿದ್ದದ್ದು ಇದೇ.

ಎಲ್ಲವನ್ನೂ ಒಂದು ಸಂಜೆಯಲ್ಲಿ ಬಿಚ್ಚಿ ಮೊದಲಿನಂತೆ ಮಾಡಬಹುದು. ಹೊಸ ರಂಧ್ರವನ್ನು ನಾನು ಕೊರೆಯಲಿಲ್ಲ. ಈ ಎಚ್ಚರವನ್ನು ನಾನು ಒತ್ತಿ ಹೇಳಬಯಸುತ್ತೇನೆ. ಹಳೆಯ ಯಂತ್ರವನ್ನು ಕಟ್ಟಿದವನಿಗೆ ಒಂದು ಉದ್ದೇಶವಿತ್ತು, ಅದನ್ನು ಬಳಸಿದವರಿಗೆ ಒಂದು ದನಿಯ ನೆನಪಿದೆ. ತಿದ್ದುವವನ ಕಿವಿ ಮೊದಲು ಅವೆರಡನ್ನೂ ಕೇಳಬೇಕು. ಕಾವಿನ ಕಬ್ಬಿಣ ಹಿಡಿಯುವುದು ಆಮೇಲೆ.